ಸಣ್ಣ ದೇಶದ ಠರಾವು

ಠರಾವು, ಅಂದರೆ ಸಭೆಯ ನಿರ್ಣಯ, ಬರೆಯುವುದನ್ನು ನನಗೆ ಕಲಿಸಿದವಳು ನನ್ನ ಗೆಳತಿ. ಅರವತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಕಾಲೇಜಿನಲ್ಲಿ ಇಬ್ಬರೂ ಬಿ.ಎ. ಓದುತ್ತಿದ್ದೆವು. ಸೊಲ್ಲಾಪುರ ರಸ್ತೆಯಲ್ಲಿದ್ದ ನನ್ನ ಸೋದರತ್ತೆಯ ಮನೆಯ ಮೇಲಿನ ಕೋಣೆಯಲ್ಲಿ ಒಟ್ಟಿಗೆ ಇದ್ದೆವು. ಕೆಳಗೆ ಎತ್ತಿನಗಾಡಿಯ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕುಲುಮೆ ಇತ್ತು. ಬಡಿತ ಜೋರಾದಾಗ ಓದಲು ಆಗುತ್ತಿರಲಿಲ್ಲ. ಆಗ ಅವಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯಲು ಕೂಡುತ್ತಿದ್ದಳು, ನನ್ನನ್ನೂ ಕೂಡಿಸುತ್ತಿದ್ದಳು.

“ಠರಾವ ಅಂದ್ರ ಒಂದ ವಾಕ್ಯ ಬೇ. ಎರಡ ಪುಟ ಆಗಲಿ, ವಾಕ್ಯ ಒಂದ. ಮ್ಯಾಲ ‘ಈ ಸಭೆಯು’ ಅಂತ ಸುರು ಮಾಡಬೇಕು. ಆಮ್ಯಾಲ ನೆನೆದು, ಗಮನಿಸಿ, ವಿಷಾದಿಸಿ. ಕಡೀಕ ಕೋರುತ್ತದೆ, ಒತ್ತಾಯಿಸುತ್ತದೆ, ನಿರ್ಧರಿಸುತ್ತದೆ.”

“ಖಂಡಿಸುತ್ತದೆ?”

“ಅದನ್ನ ಸುಮ್ಮ ಸುಮ್ಮನ ತಗೀಬಾರದು. ಮನಿಗೆ ಬಂದ ಬೀಗರಿಗೆ ಮದಲ ತುತ್ತಿಗೇ ಖಾರ ಬಡಿಸಿದಂಗ ಆಗತೈತಿ.”

ಅವಳಿಗೆ ಇದು ಬಂದದ್ದು ಬಬಲೇಶ್ವರದ ಮನೆಯಿಂದ. ಅವಳ ಅಪ್ಪ ಅಲ್ಲಿಯ ಪಂಚಾಯಿತಿಯ ಸದಸ್ಯರು. ಅವರಿಗೆ ಓದಲು ಬರುತ್ತಿತ್ತು, ಬರೆಯಲು ಕೈ ತಿರುಗುತ್ತಿರಲಿಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷದಿಂದ ಅಪ್ಪ ಮಂಡಿಸುವ ಠರಾವುಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಬಾವಿಗೆ ನೀರು ಸೇದುವ ಗಡಗಡಿ ಹಾಕಿಸುವುದು, ಸಾಲೆಗೆ ಹೆಂಚು ಹೊದಿಸುವುದು, ಸಂತೆಯ ದಿನ ದನ ಎಲ್ಲಿ ಕಟ್ಟಬೇಕೆಂಬುದು. ಆ ಹಿರಿಯರಿಗೆ ಠರಾವಿನ ಮೇಲಿದ್ದ ನಂಬಿಕೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಸೂಚಕರೊಬ್ಬರು, ಅನುಮೋದಕರೊಬ್ಬರು, ಎತ್ತಿದ ಕೈಗಳು, ಕೆಳಗೆ ಅಧ್ಯಕ್ಷರ ಸಹಿ ಮತ್ತು ಶಿಕ್ಕೆ, ಅಂದರೆ ಮೊಹರು. ಇಷ್ಟಾದರೆ ಮುಗಿಯಿತು. ಅವರ ಹೊಲದ ದಾರಿಯನ್ನೇ ಬೇರೆ ಕಡೆ ತಿರುಗಿಸುವ ಠರಾವು ಒಮ್ಮೆ ಅವರ ವಿರುದ್ಧ ಪಾಸಾಯಿತಂತೆ. ಮರುದಿನ ಮುಂಜಾನೆ ತಮ್ಮ ಬೇಲಿಯನ್ನು ತಾವೇ ಕಿತ್ತು ದಾರಿ ಬಿಟ್ಟರಂತೆ. ಅವಳು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು.

ಅವಳು ಹುಟ್ಟಿದ ಕೆಲವೇ ತಿಂಗಳಿಗೆ ತಾಯಿ ತೀರಿಕೊಂಡಿದ್ದಳು. ಟಿಕೋಟಾದ ಆಯಿ, ಅಂದರೆ ತಾಯಿಯ ತಾಯಿ, ಕೂಸನ್ನು ಎತ್ತಿಕೊಂಡು ಹೋಗಿ ಸಾಕಿದಳು. ನನ್ನೂರೂ ಟಿಕೋಟಾ. ಅಲ್ಲಿಯ ಸಾಲೆಯಲ್ಲಿ ನಾವಿಬ್ಬರೂ ಒಂದೇ ತಟ್ಟಿನ ಮೇಲೆ ಕೂತು ಅಕ್ಷರ ತಿದ್ದಿದವರು. ಆ ಮನೆಯಲ್ಲಿ ಅವಳ ಸೋದರಮಾವ ಇದ್ದ, ತಾಯಿಯ ತಮ್ಮ. ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಾಲೆಯ ಬಾಗಿಲಿಗೆ ತಂದು ಬಿಡುತ್ತಿದ್ದವನು ಅವನೇ. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಕೂಸು ತೊಟ್ಟಿಲಲ್ಲಿದ್ದಾಗಲೇ ಆಯಿ ಇದನ್ನು ನಾಲ್ಕು ಮಂದಿಯ ಮುಂದೆ ಹೇಳಿಬಿಟ್ಟಿದ್ದಳು. ಅವನು ಬೇರೆ ಹೆಣ್ಣು ನೋಡಲಿಲ್ಲ, ಒಕ್ಕಲುತನ ಮಾಡಿಕೊಂಡು ಕಾದ.

ಮುಲ್ಕಿಯ ಹೊತ್ತಿಗೆ ಅಪ್ಪ ಅವಳನ್ನು ಬಬಲೇಶ್ವರಕ್ಕೆ ಕರೆದುಕೊಂಡರು, ಮುಂದೆ ಓದಿಸಿದರು. ಟಿಕೋಟಾದವರಿಗೆ ಒಂದು ಮಾತು ಹೇಳಿದರು: ಬಿ.ಎ. ಮುಗಿಯುವ ತನಕ ಲಗ್ನದ ಮಾತು ತೆಗೆಯಬೇಡಿರಿ, ಮುಗಿದ ಮೇಲೆ ಹುಡುಗಿಯನ್ನೇ ಕೇಳೋಣ. ಅವಳು ಸಾಲೆಯ ಮಾಸ್ತರಿಣಿ ಆಗಬೇಕೆಂದಿದ್ದಳು. ಅದೆಲ್ಲ ಅಪ್ಪನ ಆ ಒಂದು ಮಾತಿನ ಮೇಲೆ ನಿಂತಿತ್ತು. ಸೋದರಮಾವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಒಮ್ಮೆ ಮಾತ್ರ ನನಗೆ ಹೇಳಿದಳು: “ಅಂವನ ಹೆಗಲ ಮ್ಯಾಲ ಕುಂತ ಬೆಳದೀನಿ ಬೇ. ಅಂವನ ಮಗ್ಗಲದಾಗ ಹೆಂಗ ಮಲಗ್ಲಿ?”

ಆ ವರ್ಷ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ವಿದ್ಯಾರ್ಥಿಗಳ ವಿಶ್ವಸಂಸ್ಥೆ ನಡೆಸಬೇಕೆಂದು ಗಟ್ಟಿ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ದೇಶ. ಅವಳಿಗೆ ಬರ್ಮಾ, ನನಗೆ ಸಿಲೋನ್. ಉಳಿದವರೆಲ್ಲ ಹುಡುಗರು. ದೇಶದ ಹೆಸರಿನಿಂದಲೇ ಕರೆಯುವ ಚಟ ಎಲ್ಲರಿಗೂ ಹತ್ತಿತು. “ಲೇ ರಷ್ಯಾ, ನನ್ನ ಸೈಕಲ್ ಎಲ್ಲಿ ಒಗದ ಬಂದೀಯಲೇ?” ಎಂದು ಫ್ರಾನ್ಸ್ ಮೈದಾನದ ಆಚೆಯಿಂದ ಕೂಗುತ್ತಿದ್ದ. ನಾನೂ ಇಲ್ಲಿ ಅವರನ್ನು ಹಾಗೆಯೇ ಕರೆಯುತ್ತೇನೆ.

ಪ್ರಾಧ್ಯಾಪಕರು ಸಭೆಯ ನಿಯಮಗಳನ್ನೆಲ್ಲ ಕನ್ನಡಕ್ಕೆ ತಂದು ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದರು. ಒಂದು ರಬ್ಬರ್ ಶಿಕ್ಕೆಯನ್ನೂ ಮಾಡಿಸಿದ್ದರು. ತಾಲೀಮಿನಲ್ಲಿ ಪಾಸಾದ ಠರಾವಿಗೂ ತಾವೇ ಅಧ್ಯಕ್ಷರೆಂದು ಸಹಿ ಹಾಕಿ, ಶಿಕ್ಕೆ ಒತ್ತಿ, ಎಲ್ಲ ದೇಶಗಳಿಗೂ ಪ್ರತಿ ಕೊಡುತ್ತಿದ್ದರು. ಖರೆ ಸಭೆ ನಡೆದಂತೆ ನಡೆಯದಿದ್ದರೆ ಕಲಿಯುವುದಾದರೂ ಏನು ಎನ್ನುತ್ತಿದ್ದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಬಡ ಹುಡುಗರಿಗೆ ತಮ್ಮ ಪುಸ್ತಕಗಳನ್ನು ಕೊಡುತ್ತಿದ್ದರು.

ಮೊದಲ ಸಲ ಎಲ್ಲರೂ ಪೇಪರಿನಲ್ಲಿ ಬಂದದ್ದನ್ನೇ ಬರೆದು ತಂದರು. ಅವರು ಒಂದೊಂದನ್ನೇ ಓದಿ ಮೇಜಿನ ಮೇಲೆ ಬೋರಲು ಹಾಕಿದರು. “ಇವೆಲ್ಲ ಕದ್ದ ಮಾಲು. ನಿಮಗ ಒಳಗಿಂದ ಗೊತ್ತಿರೋ ಜಗಳ ತರ್ರಿ. ಅದಕ್ಕ ದೇಶದ ಅಂಗಿ ತೊಡಸ್ರಿ. ಅಂದ್ರ ಠರಾವಿಗೆ ಜೀವ ಬರ್ತದ.”

ಮುಂದಿನ ವಾರ ಬಂದ ಠರಾವುಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅರಕೇರಿಯ ಹುಡುಗ, ಅವನು ಫ್ರಾನ್ಸ್, ಪೂರ್ವದ ದೇಶವು ತನ್ನ ಎಮ್ಮೆಗಳನ್ನು ಪಶ್ಚಿಮದ ದೇಶದ ಕಣಕಿ ಮೇವಿನಿಂದ ಕೂಡಲೇ ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದ್ದ. ಆ ಎರಡು ದೇಶಗಳೆಂದರೆ ಅವನ ಇಬ್ಬರು ಕಾಕಾಗಳು. ಭೂತನಾಳದ ಹುಡುಗ, ದೊಡ್ಡ ದೇಶವೊಂದು ಸಣ್ಣ ದೇಶದ ಕೆರೆಯ ನೀರನ್ನೆಲ್ಲ ಕುಡಿದು, ಸಣ್ಣ ದೇಶದ ಹೊಲಗಳಿಗೆ ಬರೀ ಆಕಾಶ ಉಳಿಸಿದ್ದನ್ನು ವಿಷಾದದಿಂದ ಗಮನಿಸಿದ್ದ. ದೊಡ್ಡ ದೇಶ ಎಂದರೆ ನಾವು ಕೂತಿದ್ದ ಶಹರ.

ಅವಳು ತನ್ನದನ್ನು ಬರೆದು ನನಗೆ ತೋರಿಸಿದಳು. ಅದರ ಮಾತು ನನಗೆ ನೆನಪಿದೆ. ಈ ಸಭೆಯು, ಕಷ್ಟಕಾಲದಲ್ಲಿ ನೆರೆಯ ದೇಶವು ಸಣ್ಣ ದೇಶಕ್ಕೆ ಅನ್ನ ನೀಡಿ ಕಾಪಾಡಿದ್ದನ್ನು ಕೃತಜ್ಞತೆಯಿಂದ ನೆನೆದು, ಆ ಉಪಕಾರದ ಕಾರಣದಿಂದ ಸಣ್ಣ ದೇಶವನ್ನು ತನ್ನೊಳಗೆ ಸೇರಿಸಿಕೊಳ್ಳುವ ಹಕ್ಕನ್ನು ನೆರೆಯ ದೇಶವು ಹೇಳುತ್ತಿರುವುದನ್ನು ಗಮನಿಸಿ, ಸಣ್ಣ ದೇಶದ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳದಿರುವುದಕ್ಕೆ ವಿಷಾದಿಸಿ, ಸಣ್ಣ ದೇಶವು ತನ್ನ ನಿರ್ಮಾಣದ ಕೆಲಸ ಮುಗಿಸುವವರೆಗೆ ಈ ವಿಷಯವನ್ನು ಎತ್ತಬಾರದೆಂದು ಕೋರುತ್ತದೆ, ಮುಗಿದ ಮೇಲೆ ಅದರ ಇಚ್ಛೆಯೇ ಅಂತಿಮವೆಂದು ನಿರ್ಧರಿಸುತ್ತದೆ.

ನಾನು ಹೇಳಿದೆ: “ಇದನ್ನ ಕೊಡಬ್ಯಾಡ ಬೇ. ತಿಳದೀತು.”

“ಯಾರಿಗೆ ತಿಳೀತೈತಿ? ಹೆಸರಿಲ್ಲ, ಊರಿಲ್ಲ. ನಮ್ಮಪ್ಪ ಊರಿನ ಗಟಾರದ್ದೂ ಠರಾವ ಮಾಡ್ಯಾನ, ನಂದೊಂದ ಬಾಯಿಮಾತಿನ ಮ್ಯಾಲ ಇಟ್ಟಾನ. ಒಮ್ಮೆ ಬರದ ನೋಡಬೇಕ ಅನಸೇತಿ, ಅಷ್ಟ.”

ಠರಾವುಗಳನ್ನು ಹಿಂದಿನ ದಿನ ನೋಟಿಸ್ ಬೋರ್ಡಿಗೆ ಹಚ್ಚುವುದು ನಿಯಮ. ಅಮೆರಿಕ ಆಗಿದ್ದವನು ಟಿಕೋಟಾದ ಹುಡುಗ. ಅವನ ಹೊಲಕ್ಕೂ ಅವಳ ಸೋದರಮಾವನ ಹೊಲಕ್ಕೂ ನಡುವೆ ಒಂದೇ ಬದು. ಅವನು ಬೋರ್ಡಿನ ಮುಂದೆ ನಿಂತು ಓದಿದ್ದನ್ನು ನಾನು ನೋಡಲಿಲ್ಲ. ಆಗ ನಾವು ಹುಡುಗಿಯರು ಲೇಡೀಸ್ ರೂಮಿನಲ್ಲಿ ಕಾದಿದ್ದು, ಪ್ರಾಧ್ಯಾಪಕರು ಬಂದಾಗ ಅವರ ಹಿಂದೆ ತಲೆ ತಗ್ಗಿಸಿ ತರಗತಿಗೆ ಹೋಗುತ್ತಿದ್ದೆವು, ಅವರ ಹಿಂದೆಯೇ ಹೊರಗೆ ಬರುತ್ತಿದ್ದೆವು. ಹುಡುಗರು ತಮ್ಮೊಳಗೆ ಏನು ಮಾತಾಡಿಕೊಂಡರೆಂಬುದು ನಮಗೆ ತಿಳಿಯುವ ದಾರಿಯೇ ಇರಲಿಲ್ಲ.

ತಾಲೀಮಿನ ಸಭೆಯಲ್ಲಿ ಅವಳು ಎದ್ದು ಓದಿದಳು. ನಾನು ಅನುಮೋದಿಸಿದೆ. ಅಮೆರಿಕ ಕೈ ಎತ್ತಿದ.

“ಅಧ್ಯಕ್ಷರ, ಒಂದು ತಿದ್ದುಪಡಿ ಐತ್ರಿ. ‘ಸಣ್ಣ ದೇಶ’ದ ಮುಂದ ‘ಮೂಗುತಿ ಇಟ್ಟ’ ಅಂತ ಸೇರಿಸಬೇಕ್ರಿ.”

ಸಭೆ ನಕ್ಕಿತು. ಅವಳ ಕೈ ಮೂಗಿನ ಕಡೆಗೆ ಹೋಗಿ ನಡುವೆಯೇ ನಿಂತಿತು.

“ಅದು ಭೂಗೋಳಕ್ಕ ಸಂಬಂಧ ಇಲ್ಲ,” ಎಂದರು ಪ್ರಾಧ್ಯಾಪಕರು. ಅವರೂ ನಕ್ಕಿದ್ದರು. “ಸರಿಯಾದ ತಿದ್ದುಪಡಿ ಇದ್ರ ತರ್ರಿ.”

ಅಮೆರಿಕ ಕಿಸೆಯಿಂದ ಕಾಗದ ತೆಗೆದ. ಅದರಲ್ಲಿ ಎಲ್ಲವೂ ಸರಿಯಾಗಿತ್ತು. ಎಷ್ಟನೆಯ ಸಾಲು, ಯಾವ ಮಾತು ತೆಗೆಯಬೇಕು, ಯಾವ ಮಾತು ಹಾಕಬೇಕು, ಎಲ್ಲ. ಮೊದಲನೆಯದು: ‘ಹಕ್ಕನ್ನು ನೆರೆಯ ದೇಶವು ಹೇಳುತ್ತಿರುವುದನ್ನು ಗಮನಿಸಿ’ ಎಂಬಲ್ಲಿ ‘ಹುಟ್ಟಿನಿಂದ ಇರುವ ಹಕ್ಕನ್ನು ಮನ್ನಿಸಿ’. ಕೈಗಳು ಎದ್ದವು. ಪಾಸಾಯಿತು.

ಅವಳು ಎದ್ದು ನಿಂತಳು. “ಅಧ್ಯಕ್ಷರ, ಬರ್ಮಾ ತನ್ನ ಠರಾವ ಹಿಂದಕ್ಕ ತಗೋತೈತ್ರಿ.”

ಪ್ರಾಧ್ಯಾಪಕರು ನಿಯಮದ ಹಾಳೆ ತಿರುವಿ, ಬೆರಳಿಟ್ಟು ಓದಿದರು: ಮತಕ್ಕೆ ಹಾಕುವ ಮೊದಲು ಸೂಚಕರು ತಮ್ಮ ಠರಾವನ್ನು ಹಿಂತೆಗೆದುಕೊಳ್ಳಬಹುದು, ಆದರೆ ಅದಕ್ಕೆ ತಿದ್ದುಪಡಿ ಆಗಿರಬಾರದು. “ತಿದ್ದುಪಡಿ ಆಗೇದ. ಇನ್ನ ಇದು ಬರ್ಮಾದ್ದಲ್ಲ, ಸಭಾದ್ದು. ಕೂಡ್ರಿ.”

“ಸರ್, ಅದು ನಾ ಬರದದ್ರಿ.”

“ಬರದವರು ನೀವ. ಅದಕ್ಕ ಸೂಚಕರು ಅಂತ ನಿಮ್ಮ ಹೆಸರು ಹಂಗ ಉಳೀತದ. ಕೂಡ್ರಿ.”

ಅವಳು ಕೂತಳು. ಎರಡನೆಯದು: ‘ನಿರ್ಮಾಣದ ಕೆಲಸ ಮುಗಿಸುವವರೆಗೆ ಈ ವಿಷಯವನ್ನು ಎತ್ತಬಾರದೆಂದು’ ಎಂಬಲ್ಲಿ ‘ಬರುವ ಸುಗ್ಗಿಯೊಳಗೆ ಈ ವಿಷಯವನ್ನು ಇತ್ಯರ್ಥ ಮಾಡಬೇಕೆಂದು’. ಮೂರನೆಯದು: ಇಚ್ಛೆಯ ಮಾತನ್ನು ಪೂರ್ತಿ ತೆಗೆದು ‘ಸಣ್ಣ ದೇಶವು ನೆರೆಯ ದೇಶದಲ್ಲಿ ಸಂತೋಷದಿಂದ ವಿಲೀನವಾಗಬೇಕೆಂದು’. ವಿಲೀನ ಎಂಬ ಮಾತು ಬಂದಾಗ ಹಿಂದಿನ ಬೆಂಚುಗಳಿಂದ ಸಿಳ್ಳೆ ಬಂತು. “ಏ ದೋಸ್ತಾ, ಗಡಿ ಎಲ್ಲಾ ತಗದಬಿಡೋದೇನ?” ಎಂದು ಯಾರೋ ಕೇಳಿದರು. ಯಾರೆಂದು ನಾನು ತಿರುಗಿ ನೋಡಲಿಲ್ಲ. ಪ್ರಾಧ್ಯಾಪಕರು ಮೇಜು ಕುಟ್ಟಿದರು, ಸಭೆಗೆ ಗಾಂಭೀರ್ಯ ಬೇಕು ಎಂದರು. ಅವರಿಗೆ ಸಂಗತಿ ತಿಳಿದಿತ್ತೋ ಇಲ್ಲವೋ ನಾನು ಹೇಳಲಾರೆ. ಒಂದು ಒಳ್ಳೆಯ ಪಾಠ ತಾನಾಗಿ ನಡೆಯುತ್ತಿದೆ ಎಂಬ ಸಂತೋಷ ಅವರ ಮುಖದಲ್ಲಿ ಇದ್ದದ್ದಂತೂ ನಿಜ.

ಠರಾವು ಪಾಸಾಯಿತು. ವಿರುದ್ಧ ಎದ್ದ ಕೈಗಳಲ್ಲಿ ಅವಳದೊಂದು, ನನ್ನದೊಂದು, ರಷ್ಯಾದ್ದೊಂದು. ಪಾಸಾದ ಠರಾವನ್ನು ಸೂಚಕರೇ ಎದ್ದು ಓದಬೇಕೆಂಬುದು ನಿಯಮ. ಅವಳು ಓದಿದಳು. ಅರ್ಧವಿರಾಮ ಇದ್ದಲ್ಲಿ ನಿಂತು, ಪೂರ್ಣವಿರಾಮ ಇದ್ದಲ್ಲಿ ಮುಗಿಸಿ, ಕೂತಳು.

ಆ ವಾರದ ಕೊನೆಗೆ ಅಮೆರಿಕ ತನ್ನ ಪ್ರತಿಯನ್ನು ಟಿಕೋಟಾಕ್ಕೆ ಒಯ್ದ. ಅಲ್ಲಿ ಚಹಾದ ಅಂಗಡಿಯಲ್ಲಿ ಅದನ್ನು ಓದಿದನಂತೆ. ಮುಂದೆ ನಡೆದದ್ದು ನನಗೆ ನಮ್ಮ ಮನೆಯವರಿಂದ ತಿಳಿಯಿತು. ಅವಳ ಸೋದರಮಾವ ಅಂಗಡಿಗೆ ಬಂದರೆ ಸಾಕು, ‘ನೆರೆ ದೇಶ ಬಂತು, ಜಾಗಾ ಬಿಡ್ರೋ’ ಎಂದು ಜನ ನಗತೊಡಗಿದರು. ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಆ ಪ್ರತಿಯನ್ನು ಇಸಿದುಕೊಂಡು, ಆಯಿಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋದ. ಅಪ್ಪ ಅವಳಿಗೆ ಹೇಳಿ ಕಳಿಸಿದರು. ಅವಳೊಬ್ಬಳನ್ನೇ ಬಸ್ಸಿಗೆ ಹತ್ತಿಸಲು ನನ್ನ ಸೋದರತ್ತೆ ಒಪ್ಪಲಿಲ್ಲ, ನಾನೂ ಹೋದೆ.

ಪಡಸಾಲೆಯಲ್ಲಿ ಮೂವರೂ ಕೂತಿದ್ದರು. ಕಾಗದ ಅಪ್ಪನ ಮೊಣಕಾಲ ಮೇಲೆ ಇತ್ತು. ಅವರು ಅದನ್ನು ಅವಳಿಗೆ ತೋರಿಸಿದರು.

“ಸೂಚಕರು ಅಂತ ಐತಿ. ಇದು ನಿನ್ನ ಹೆಸರ ಹೌದಲ್ಲವ್ವಾ?”

“ಹೌದು ಯಪ್ಪಾ. ಆದ್ರ ನಾ ಬರದದ್ದು ಇದಲ್ಲ. ತಿದ್ದುಪಡಿ ಮಾಡಿದ್ರು. ಹಿಂದಕ್ಕ ತಗೀತೀನಿ ಅಂದೆ, ಬಿಡಲಿಲ್ಲ.”

“ತಿದ್ದುಪಡಿ ಆದ ಮ್ಯಾಲ ಹೆಂಗ ಬಿಡ್ತಾರ? ಅದು ಸಭಾದ್ದಾತು.” ಅವರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ತಿಳಿಸಿ ಹೇಳುವಂತೆ ಹೇಳಿದರು.

“ಯಪ್ಪಾ, ಅದು ಆಟ.”

ಆಗ ಸೋದರಮಾವ ಬಾಯಿ ತೆಗೆದ. “ಆಟ ಖರೆ. ಮಂದಿ ನನ್ನ ಮ್ಯಾಲ ಆಡಾಕತ್ತಾರ. ಭಾವಾರ, ನಾ ಎಂದರ ನಿಮ್ಮ ಮುಂದ ಲಗ್ನದ ಮಾತ ತಗದೀನೇನು? ನಿಮ್ಮ ಮಾತ ಮುರದಾಕಿ ನಿಮ್ಮ ಮಗಳು. ನಾಕ ಮಂದ್ಯಾಗ ಆ ಮಾತ ಆಕೀನ ತಗದಾಳ.”

ಆಯಿ ಅವಳ ಕಡೆಗೆ ನೋಡಲಿಲ್ಲ, ನೆಲ ನೋಡಿ ಮಾತಾಡಿದಳು. “ಮೊಲಿ ಒಂದ ಬಿಟ್ಟ ಎಲ್ಲಾ ಕೊಟ್ಟ ಜ್ವಾಕಿ ಮಾಡೇನಿ. ನನ್ನ ಮಗಾ ಬ್ಯಾರೆ ದೇಶ ಆದನೇನ ನಿನಗ?”

ಅವಳು ಅಪ್ಪನ ಕಾಲ ಬಳಿ ಕೂತು, ತನಗೆ ಇನ್ನು ಒಂದೇ ವರ್ಷ ಉಳಿದಿದೆ, ಆ ವರ್ಷ ಕೊಡಬೇಕು ಎಂದು ಕೇಳಿದಳು. ಅಪ್ಪ ಬಹಳ ಹೊತ್ತು ಕಾಗದದ ಶಿಕ್ಕೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದರು. ಕೊನೆಗೆ ಹೇಳಿದರು: “ಠರಾವ ಆದದ್ದು ಆತು. ಅದನ್ನ ಮುರಿಯೋದು ನನ್ನ ಕಡಿಂದ ಆಗೂದಿಲ್ಲ. ಆದ್ರ ಫೇರ ವಿಚಾರ, ತಿರುಗಿ ವಿಚಾರ ಮಾಡೂದು ಅಂತ ಒಂದ ಐತಿ. ಅದ ಸಭಾ ಕೂಡಲಿ, ಅದ ಠರಾವ ತಿರುಗಿ ಹಾಕಲಿ. ಸಹಿ ಶಿಕ್ಕೆ ಮಾಡಿಸಿ ತರ್ರಿ. ನಾ ಒಪ್ಪತೀನಿ.” ಸೋದರಮಾವನ ಕಡೆ ತಿರುಗಿದರು. “ನೀನೂ ಒಪ್ಪಬೇಕು.”

ಅವನು ಒಪ್ಪಿದ. ಮಂದಿ ತನ್ನ ಹೆಸರು ಬಿಟ್ಟರೆ ಸಾಕು ಎಂದ. ನನಗೆ ಜೀವ ಬಂದಂತಾಯಿತು. ನಾಳೆಯೇ ಹೋಗೋಣ ನಡಿ ಎಂದು ನಾನು ಅವಳ ಕೈ ಹಿಡಿದೆ.

“ಆಕಿ ಬರೂದಿಲ್ಲ,” ಎಂದರು ಅಪ್ಪ. “ಯಾರ ಸಂಬಂಧ ವಿಷಯ ಐತಿ, ಅವರು ಸಭಾದಾಗ ಕುಂಡ್ರಬಾರದು. ನಮ್ಮ ಪಂಚಾಯ್ತ್ಯಾಗೂ ಹಂಗ. ನಂದ ಹೊಲದ ಮಾತ ಬಂದಾಗ ನಾ ಎದ್ದ ಹೊರಗ ಕಟ್ಟಿ ಮ್ಯಾಲ ಕುಂತೀನಿ. ನೀ ಹೋಗಿ ಮಾಡಿಸಿಕೊಂಡ ಬಾ ಯವ್ವಾ.”

ನಾನು ಒಬ್ಬಳೇ ವಿಜಾಪುರಕ್ಕೆ ಬಂದೆ. ಪ್ರಾಧ್ಯಾಪಕರ ಮನೆಗೆ ಸೋದರತ್ತೆಯನ್ನು ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಇದು ತಾಲೀಮು, ಇದರಿಂದ ಯಾರ ಮೇಲೂ ಬಂಧನವಿಲ್ಲ ಎಂದು ಪತ್ರ ಬರೆದುಕೊಡುತ್ತೇನೆ ಎಂದರು. ಅವಳ ಅಪ್ಪ ಪತ್ರ ಕೇಳಿಲ್ಲ, ಸಭೆಯ ಮರುಪರಿಶೀಲನೆ ಕೇಳಿದ್ದಾರೆ ಎಂದೆ. ಅವರು ಕನ್ನಡಕ ಹಾಕಿಕೊಂಡು, “ಆ ಮನುಷ್ಯಾಗ ಕಾಯದೆ ಗೊತ್ತದ,” ಎಂದರು. ಆ ದನಿಯಲ್ಲಿ ಮೆಚ್ಚುಗೆ ಇತ್ತು. “ಮಾಡೋಣ. ಆದ್ರ ಪಾಸಾದದ್ದನ್ನ ತಿರುಗಿ ಎತ್ತಬೇಕಂದ್ರ ಮತ ಹಾಕಿದವರೊಳಗ ಮೂರರೊಳಗ ಎರಡು ಪಾಲು ಬೇಕಾಗ್ತದ. ಅದನ್ನ ನಾ ಸಡ್ಲ ಮಾಡ್ಲಿಕ್ಕೆ ಬರೂದಿಲ್ಲ. ಮಾಡಿದ್ರ ಅದು ಮರುಪರಿಶೀಲನಾ ಆಗೂದಿಲ್ಲ.”

ಸಭೆ ಸೇರಿತು. ಬರ್ಮಾದ ಹೆಸರು ಬರೆದ ರಟ್ಟು ಖಾಲಿ ಬೆಂಚಿನ ಮೇಲೆ ನಿಂತಿತ್ತು. ನಾನು ದೇಶದ ಅಂಗಿಯನ್ನೆಲ್ಲ ತೆಗೆದುಹಾಕಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಈ ಕಾಗದ ತಿರುಗಿದರೆ ಅವಳು ಬಂದು ಇಲ್ಲಿ ಕೂಡುತ್ತಾಳೆ, ಇಲ್ಲದಿದ್ದರೆ ಸುಗ್ಗಿಯಲ್ಲಿ ಅವಳ ಲಗ್ನ ಎಂದೆ. ಯಾರೂ ನಗಲಿಲ್ಲ. ಕೆಲವರು ಬೆಂಚಿನ ಮೇಲೆ ಉಗುರಿನಿಂದ ಗೆರೆ ಎಳೆಯುತ್ತಿದ್ದರು.

ನಿಯಮದಂತೆ ವಿರೋಧಿಸುವವರಿಗೆ ಅವಕಾಶ ಕೊಟ್ಟರು. ಅಮೆರಿಕ ಎದ್ದ. ಅವನ ಮುಖ ಬಿಳಿಚಿತ್ತು, ಆದರೂ ಎದ್ದ. “ಸಿಲೋನ್ ಹೇಳಿದ್ದು ಮನೀ ಮಾತ್ರಿ. ಸಭಾಕ್ಕ ಸಂಬಂಧ ಇಲ್ಲ. ಒಂದ ಸಲ ಹಿಂದಕ್ಕ ಸರದ್ರ ನಾಳೆ ಯಾವ ಠರಾವೂ ನಿಲ್ಲೂದಿಲ್ರಿ.” ಹಿಂದಿನಿಂದ ಒಬ್ಬ, “ಲೇ, ಸಾಕ ಕುಂಡ್ರಲೇ,” ಎಂದ.

ಕೈ ಎತ್ತಲು ಹೇಳಿದರು. ರಷ್ಯಾ ಮೊದಲು ಎತ್ತಿದ. ಫ್ರಾನ್ಸ್ ಎತ್ತಿದ. ಭೂತನಾಳದವನು ಎತ್ತಿದ. ಒಂದೊಂದೇ ಕೈ ಏಳುವುದನ್ನು ನಾನು ನೋಡುತ್ತಿದ್ದೆ. ಪ್ರಾಧ್ಯಾಪಕರು ಎರಡು ಸಲ ಎಣಿಸಿದರು. ಪರವಾಗಿ ಹದಿನೇಳು. ವಿರುದ್ಧ ಒಂಬತ್ತು. ಉಳಿದವರು ತಟಸ್ಥರು, ಅವರು ಲೆಕ್ಕಕ್ಕಿಲ್ಲ. ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಒಂದು ಕೈ ಕಡಿಮೆ. ಹದಿನೆಂಟಾಗಿದ್ದರೆ ಒಂಬತ್ತಕ್ಕೆ ಸರಿಯಾಗಿ ಇಮ್ಮಡಿ ಆಗುತ್ತಿತ್ತು.

“ಬರ್ಮಾ ಇದ್ದಿದ್ರ?” ಎಂದು ಕೇಳಿದೆ.

“ಇದ್ದಿದ್ರ ಪಾಸಾಗ್ತಿತ್ತು.”

“ತನ್ನ ವಿಷಯಕ್ಕ ತಾನ ಮತ ಹಾಕಬಹುದಾಗಿತ್ತೇನ್ರಿ?”

“ಯಾಕ ಹಾಕಬಾರದು? ಇಲ್ಲಿ ಎಲ್ಲಾ ದೇಶಾನೂ ತನ್ನ ವಿಷಯಕ್ಕನ ಕೂಡ್ತಾವ. ಆದ್ರ ಹಾಜರ ಇರಬೇಕು.” ಅವರು ಸುಣ್ಣದ ಕಡ್ಡಿ ಕೆಳಗಿಟ್ಟು ಕೈ ಝಾಡಿಸಿಕೊಂಡರು. ಆಮೇಲೆ ಕೂತು, ಮರುಪರಿಶೀಲನೆಯ ಸೂಚನೆ ಬಿದ್ದುಹೋಯಿತೆಂದು ಎರಡೂ ಸಂಖ್ಯೆಗಳ ಸಮೇತ ಬರೆದು, ಸಹಿ ಮಾಡಿ, ಶಿಕ್ಕೆ ಒತ್ತಿ ನನ್ನ ಕೈಗೆ ಕೊಟ್ಟರು.

ಬಬಲೇಶ್ವರದ ಪಡಸಾಲೆಯಲ್ಲಿ ಅಪ್ಪ ಅದನ್ನು ಓದಿ ಅವಳ ಕೈಗೆ ಕೊಟ್ಟರು. ಅವಳು ಓದುವಾಗ ತುಟಿ ಅಲುಗಿದ್ದರಿಂದ ಲೆಕ್ಕ ಮಾಡುತ್ತಿದ್ದಾಳೆಂದು ನನಗೆ ತಿಳಿಯಿತು.

“ಯಪ್ಪಾ, ನಾ ಹೋಗಿದ್ರ ಪಾಸಾಗತಿತ್ತು.”

“ನೀ ಹೆಂಗ ಹೋಗತಿದ್ದೀ? ವಿಷಯ ನಿಂದ.”

“ಅಲ್ಲಿ ಅಂಥಾ ನಿಯಮ ಇಲ್ಲ ಯಪ್ಪಾ. ನಿಮ್ಮ ಪಂಚಾಯ್ತ್ಯಾಗ ಐತಿ. ಅಲ್ಲಿಲ್ಲ.”

ಅವರು ನನ್ನ ಕಡೆ ನೋಡಿದರು. ನಾನು ಹೌದೆಂದೆ. ಅವರ ಮುಖದ ಮೇಲೆ ಆಗ ಕಂಡದ್ದನ್ನು ನಾನು ಮತ್ತೆ ಯಾವ ಮುಖದಲ್ಲೂ ನೋಡಲು ಬಯಸುವುದಿಲ್ಲ. ಹೊರಗೆ ಸೋದರಮಾವನ ಎತ್ತುಗಳ ಕೊರಳ ಗೆಜ್ಜೆ ಕೇಳುತ್ತಿತ್ತು. ಸುದ್ದಿ ತಿಳಿಯಲು ಅವನು ಮುಂಜಾನೆಯಿಂದ ಬಂದು ಕೂತಿದ್ದ.

“ನನಗ ಗೊತ್ತಿದ್ದಿಲ್ಲ,” ಎಂದರು ಅಪ್ಪ. ಮತ್ತೆ, “ಹಾಜರ ಇಲ್ಲದವರಿಗೆ ಮತ ಇಲ್ಲವ್ವಾ,” ಎಂದರು. ಎದ್ದು ಹೊರಗೆ ಹೋಗಿ ಅವನಿಗೆ ಸುಗ್ಗಿಯ ಮಾತು ಕೊಟ್ಟರು.

ನಾವಿಬ್ಬರೇ ಉಳಿದೆವು. ಅವಳು ಅಳಲಿಲ್ಲ. “ಒಂಬತ್ತು ಮಂದಿ ಯಾರ್ಯಾರ?” ಎಂದು ಕೇಳಿದಳು. ನಾನು ಹೇಳುತ್ತ ಹೋದೆ. ಫಿಲಿಪ್ಪೀನ್ಸ್ ಎಂದಾಗ ನನ್ನನ್ನು ತಡೆದಳು. ಅವನು ಲೈಬ್ರರಿಯಿಂದ ಅವಳಿಗೆ ಬೇಕಾದ ಪುಸ್ತಕಗಳನ್ನು ತನ್ನ ಕಾರ್ಡಿನ ಮೇಲೆ ತೆಗೆಸಿ, ಮಾತಾಡದೆ ನಮ್ಮ ಬೆಂಚಿನ ತುದಿಗೆ ಇಟ್ಟು ಹೋಗುತ್ತಿದ್ದ ಹುಡುಗ.

“ಅಂವನೂ?”

“ಹೂಂ. ಹೊರಗ ಬಂದ ಮ್ಯಾಲ ನಾನ ಕೇಳಿದೆ. ಅವರ ದೇಶ ಅಮೆರಿಕಾದ ಕೂಡ ಒಪ್ಪಂದ ಮಾಡಿಕೊಂಡೈತಂತ. ಅದರ ವಿರುದ್ಧ ಕೈ ಎತ್ತಾಕ ಬರೂದಿಲ್ಲಂತ. ಅಂವನ ಕಣ್ಣಾಗ ನೀರ ಇದ್ದೂ.”

“ಬರೋಬ್ಬರಿ ಮಾಡ್ಯಾನ ಬೇ, ತಪ್ಪಿಲ್ಲ,” ಎಂದಳು. “ಒಪ್ಪಂದ ಐತಿ.”

ಸುಗ್ಗಿ ಮುಗಿಯುವುದರೊಳಗೆ ಟಿಕೋಟಾದಲ್ಲಿ ಲಗ್ನವಾಯಿತು. ಆಯಿ ಅವಳಿಗೆ ಅತ್ತೆಯಾದಳು. ಗ್ಯಾದರಿಂಗಿನಲ್ಲಿ ಬರ್ಮಾವನ್ನು ಒಬ್ಬ ಹುಡುಗನಿಗೆ ಕೊಟ್ಟರು, ಸಭೆ ಬಹಳ ಚೆನ್ನಾಗಿ ನಡೆಯಿತೆಂದು ಎಲ್ಲರೂ ಹೇಳಿದರು. ಲಗ್ನಕ್ಕೆ ಹುಡುಗರು ಗುಂಪಾಗಿ ಬಂದಿದ್ದರು, ಅಮೆರಿಕನೂ ಇದ್ದ. ತಮ್ಮೊಳಗೆ ಪಟ್ಟಿ ಹಾಕಿ ರೊಕ್ಕ ಕೂಡಿಸಿ ಒಂದು ಹಿತ್ತಾಳೆಯ ಕೊಡ ತಂದಿದ್ದರು. ಅವರ ಮನಸ್ಸಿನಲ್ಲಿ ಕೆಡುಕಿತ್ತೆಂದು ನನಗೆ ಅನಿಸಲಿಲ್ಲ. ಒಬ್ಬನಂತೂ ಕೊಡ ಕೊಡುವಾಗ ಕಣ್ಣೊರೆಸಿಕೊಂಡ. ಉಡುಗೊರೆಯ ಪಾತ್ರೆಗೆ ಹೆಸರು ಕೆತ್ತಿಸುವುದು ಪದ್ಧತಿ. ಕೊಡದ ಹೊಟ್ಟೆಯ ಮೇಲೆ ಚುಕ್ಕಿಯ ಅಕ್ಷರಗಳಲ್ಲಿ ‘ಬರ್ಮಾಕ್ಕೆ, ವಿಶ್ವಸಂಸ್ಥೆಯ ಗೆಳೆಯರಿಂದ’ ಎಂದು ಕೆತ್ತಿಸಿದ್ದರು.

ನನ್ನ ಬಿ.ಎ. ಮುಗಿದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವಳನ್ನು ಬಾವಿಯ ಹತ್ತಿರ ಕಂಡೆ. ಬಸುರಿ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೊಡ ಬಂಗಾರದಂತೆ ಹೊಳೆಯುತ್ತಿತ್ತು, ಅಕ್ಷರಗಳು ಹಾಗೆಯೇ ಇದ್ದವು. ಅಲ್ಲಿದ್ದ ಹೆಂಗಸರಿಗೆ ಓದಲು ಬರುತ್ತಿರಲಿಲ್ಲ. ಒಬ್ಬಳು ನನ್ನನ್ನು ಕೇಳಿದಳು: “ಏನ ಬರದಾರ ನೋಡ ಯವ್ವಾ ಅದರ ಮ್ಯಾಲ? ಇಕಿನ್ನ ಕೇಳಿದ್ರ ಹೇಳೂದಿಲ್ಲ.”

ಅವಳು ನನ್ನನ್ನು ನೋಡಿದಳು. ಆಮೇಲೆ ಕೊಡವನ್ನು ಎತ್ತಿ, ಬರೆದ ಬದಿಯನ್ನು ಸೊಂಟಕ್ಕೆ ಒತ್ತಿ ಇಟ್ಟುಕೊಂಡು, ಮನೆಯ ಕಡೆಗೆ ನಡೆದಳು.